ಹಡಗು ಹತ್ತುವ ಮುಂಚೆ ಬ್ಲೇಡಿನ ಲೆಕ್ಕ ಹಾಕಿ

ಸಂಪಾದಕರೇ,

ಕ್ರೂಸ್ ಹಡಗಿನಲ್ಲಿ ಪ್ರವಾಸ ಹೋಗುವವರು ಏನೇನು ಕಟ್ಟಿಕೊಳ್ಳಬೇಕು ಎಂಬ ಬರಹ ನಿಮ್ಮ ಪ್ರವಾಸದ ಪುಟದಲ್ಲಿ ಬಂದಿತ್ತು. ಮಾತ್ರೆ, ಉಣ್ಣೆ ಬಟ್ಟೆ, ಜಾರದ ಚಪ್ಪಲಿ, ಪಾಸ್‌ಪೋರ್ಟಿನ ಜೆರಾಕ್ಸ್ ಎಲ್ಲಾ ನೆನಪಿಟ್ಟು ಬರೆದಿದ್ದರು. ಗಂಡಸರ ಗಡ್ಡದ ಸಾಮಾನಿಗೆ ಮಾತ್ರ ಕೊನೆಯಲ್ಲಿ ಒಂದೇ ಸಾಲು ಸಿಕ್ಕಿತ್ತು. ಮರೆತರೂ ಹಡಗಿನಲ್ಲೇ ಕೊಳ್ಳಬಹುದು, ಚಿಂತೆ ಬೇಡ ಅಂತ ಆ ಸಾಲು ಹೇಳುತ್ತಿತ್ತು. ನಾಲ್ಕು ದಿನದ ಪ್ರವಾಸಕ್ಕೆ ಆ ಮಾತು ನಡೆಯುತ್ತದೆ. ತಿಂಗಳ ಪ್ರವಾಸಕ್ಕೆ ನಡೆಯುವುದಿಲ್ಲ.

ನಾನು ಬಳ್ಳಾರಿಯ ಕೌಲ್ ಬಜಾರಿನಲ್ಲಿ ಕ್ಷೌರದಂಗಡಿ ನಡೆಸುತ್ತೇನೆ. ಅಪ್ಪನ ಕಾಲದ ಅಂಗಡಿ. ನನ್ನ ತಮ್ಮ ಕ್ರೂಸ್ ಹಡಗಿನಲ್ಲಿ ಕ್ಯಾಬಿನ್ ಸ್ವಚ್ಛ ಮಾಡುವ ಕೆಲಸದಲ್ಲಿದ್ದಾನೆ. ಒಮ್ಮೆ ಹತ್ತಿದರೆ ಎಂಟು ಒಂಬತ್ತು ತಿಂಗಳು ಊರಿನ ಮುಖ ನೋಡುವ ಹಾಗಿಲ್ಲ. ಅವನ ಕೆಲಸದಲ್ಲಿ ದಿನಾ ಬೆಳಿಗ್ಗೆ ಗಡ್ಡ ತೆಗೆದೇ ಡ್ಯೂಟಿಗೆ ನಿಲ್ಲಬೇಕು. ಹಾಗಾಗಿ ಪ್ರತಿ ಸಲ ಅವನು ಹೊರಡುವಾಗ ಅವನ ಶೇವಿಂಗ್ ಸಾಮಾನು ಕಟ್ಟಿಕೊಡುವುದು ನನ್ನ ಪಾಲಿನ ಕೆಲಸ. ಈಗೀಗ ನಮ್ಮ ಗಿರಾಕಿಗಳೂ ಕೇಳುತ್ತಾರೆ. ಮಗನೋ ಮಗಳೋ ಅಮೆರಿಕದಲ್ಲೋ ಆಸ್ಟ್ರೇಲಿಯಾದಲ್ಲೋ ಇರುತ್ತಾರೆ. ಅಪ್ಪ ಅಮ್ಮನನ್ನು ಕರೆಸಿಕೊಂಡು ಮೂರು ವಾರ, ನಾಲ್ಕು ವಾರ ಹಡಗಿನಲ್ಲಿ ಸುತ್ತಿಸುತ್ತಾರೆ. ಮುಂಬೈನಿಂದ ಲಕ್ಷದ್ವೀಪಕ್ಕೆ ಹೋಗಿ ಬರುವವರಿಗೆ ಎರಡು ಬ್ಲೇಡ್ ಸಾಕು. ಇದು ದೂರ ಹೋಗುವ ಹಿರಿಯರಿಗಾಗಿ ಬರೆದ ಪತ್ರ.

ಮೊದಲು ಹಡಗಿನ ಅಂಗಡಿಯ ವಿಷಯ. ಅಲ್ಲಿ ಅಂಗಡಿ ಇರುವುದು ನಿಜ. ಆದರೆ ಮಾರುವುದು ಜಾಸ್ತಿ ಗಡಿಯಾರ, ಅತ್ತರು, ಮದ್ಯ, ಒಡವೆ. ಪೇಸ್ಟು, ಬ್ರಷ್ಷು, ಪ್ಲಾಸ್ಟಿಕ್ ರೇಜರ್ ಒಂದು ಮೂಲೆಯಲ್ಲಿರುತ್ತವೆ, ಬೆಲೆ ಡಾಲರಿನಲ್ಲಿ. ಇನ್ನೊಂದು ಸಂಗತಿ ತುಂಬಾ ಜನರಿಗೆ ಗೊತ್ತಿಲ್ಲ. ಹಡಗು ಬಂದರಿನಲ್ಲಿ ನಿಂತಿರುವಾಗ ಈ ಅಂಗಡಿಗಳು ಬಾಗಿಲು ಹಾಕಿರುತ್ತವೆ. ತೆರಿಗೆ ಇಲ್ಲದೆ ಮಾರುವ ಅಂಗಡಿಗಳಾದ್ದರಿಂದ ಕಸ್ಟಮ್ಸ್ ನಿಯಮ ಬಿಡುವುದಿಲ್ಲ. ಹಡಗು ಮತ್ತೆ ಸಮುದ್ರಕ್ಕೆ ಇಳಿದ ಮೇಲೆಯೇ ತೆರೆಯುವುದು.

ಬಂದರಿನ ಊರಿನಲ್ಲಿ ಕೊಂಡರಾಯ್ತು ಅಂತೀರಾ? ಸಿಗುವುದು ಕೆಲವೇ ತಾಸು. ಅದರಲ್ಲಿ ಊರು ನೋಡುವುದೋ ಬ್ಲೇಡ್ ಹುಡುಕುವುದೋ? ನಾವು ಬಳಸುವ ಎರಡು ಬಾಯಿಯ ಬ್ಲೇಡಿಗೆ ಅಮೆರಿಕದ ಕಿಂಗ್ ಜಿಲೆಟ್ 1904ರಲ್ಲಿ ಪೇಟೆಂಟ್ ಪಡೆದರು. ಅದು ಹುಟ್ಟಿದ್ದು ಆ ದೇಶದಲ್ಲೇ. ಈಗ ಅಲ್ಲಿ ಎಲ್ಲರ ಕೈಯಲ್ಲಿ ಬ್ಲೇಡು ಕೂರಿಸಿದ ತಲೆಯನ್ನೇ ಬದಲಿಸುವ ಕಾರ್ಟ್ರಿಜ್ ರೇಜರ್. ಕಳವು ಆಗುತ್ತದೆ ಅಂತ ಎಷ್ಟೋ ಅಂಗಡಿಗಳಲ್ಲಿ ಆ ಕಾರ್ಟ್ರಿಜ್‌ಗಳನ್ನೂ ಗಾಜಿನ ಕಪಾಟಿನಲ್ಲಿ ಬೀಗ ಹಾಕಿ ಇಟ್ಟಿರುತ್ತಾರೆ. ನಮ್ಮಲ್ಲಿ ಯಾವ ಕಿರಾಣಿ ಅಂಗಡಿಗೆ ಹೋದರೂ ಟೋಪಾಜ್, ಸೆವೆನ್ ಓ ಕ್ಲಾಕ್ ಹಾಳೆಗಟ್ಟಲೆ ನೇತಾಡುತ್ತಿರುತ್ತವೆ ಅಲ್ವಾ? ಇಲ್ಲೇ ಹತ್ತಿಪ್ಪತ್ತು ರೂಪಾಯಿ ಕೊಟ್ಟು ಜೇಬಿಗೆ ಹಾಕಿಕೊಂಡು ಹೋಗುವುದೇ ಸುಲಭ.

ಎಷ್ಟು ಹಾಕಿಕೊಳ್ಳಬೇಕು? ದಿನ ಎಣಿಸಬೇಡಿ, ಶೇವ್ ಎಣಿಸಿ. ನಮ್ಮ ಕಡೆ ಮಂಗಳವಾರ ಗಡ್ಡಕ್ಕೆ ಕತ್ತಿ ಮುಟ್ಟಿಸುವುದಿಲ್ಲ. ನಮ್ಮ ಅಂಗಡಿಗಳಿಗೂ ಅಂದೇ ರಜೆ. ಶನಿವಾರ ಬೇಡ ಅನ್ನುವವರಿದ್ದಾರೆ. ಅಮಾವಾಸ್ಯೆ, ಹುಟ್ಟಿದ ವಾರ ಬಿಡುವವರಿದ್ದಾರೆ. ಹಡಗಿನಲ್ಲೂ ಇದನ್ನು ಪಾಲಿಸುವ ಹಿರಿಯರನ್ನು ನಾನು ಬಲ್ಲೆ. ಶ್ರಾವಣ ಪೂರ್ತಿ ಗಡ್ಡ ಬಿಡುವ ಮನೆತನಗಳೂ ಇವೆ. ಅಲಾಸ್ಕಾ ಕಡೆ ಹಡಗುಗಳು ಜಾಸ್ತಿ ಹೋಗುವುದು ಮೇ ತಿಂಗಳಿನಿಂದ ಸೆಪ್ಟೆಂಬರ್ ಒಳಗೆ. ಶ್ರಾವಣ ಅದರ ನಡುವೆಯೇ ಬರುತ್ತದೆ. ಅಂಥವರು ಬ್ಲೇಡ್ ಕಡಿಮೆ ಮಾಡಿ ಟ್ರಿಮ್ಮರ್ ಇಟ್ಟುಕೊಳ್ಳಲಿ. ತಿಂಗಳ ಗಡ್ಡಕ್ಕೆ ನೇರ ಬ್ಲೇಡ್ ಹಾಕಿದರೆ ಕೂದಲು ಸಿಕ್ಕಿಕೊಂಡು ಎಳೆಯುತ್ತದೆ, ಚರ್ಮ ಕೆಂಪಾಗುತ್ತದೆ.

ಸಾಮಾನ್ಯ ಗಡ್ಡಕ್ಕೆ ಒಂದು ಬ್ಲೇಡ್ ನಾಲ್ಕೈದು ಶೇವ್ ಬರುತ್ತದೆ. ಬಿರುಸು ಗಡ್ಡಕ್ಕೆ ಮೂರು ಅಂತ ಹಿಡಿಯಿರಿ. ಮೂವತ್ತು ದಿನ, ದಿನ ಬಿಟ್ಟು ದಿನ ಅಂದರೆ ಹದಿನೈದು ಶೇವ್. ಐದು ಬ್ಲೇಡ್ ಬೇಕು. ನೀವು ಹತ್ತು ಹಾಕಿಕೊಳ್ಳಿ. ಐದರದ್ದು ಎರಡು ಪುಟ್ಟ ಪ್ಯಾಕೆಟ್, ತೂಕವೇ ಇಲ್ಲ. ಒಂದು ನಿಮ್ಮ ಸೂಟ್‌ಕೇಸಿನಲ್ಲಿ, ಇನ್ನೊಂದು ಮನೆಯವರ ಸೂಟ್‌ಕೇಸಿನಲ್ಲಿ ಇರಲಿ. ವಿಮಾನದವರು ಒಂದು ಪೆಟ್ಟಿಗೆ ತಪ್ಪಿಸಿದರೆ ಹಡಗು ಅದಕ್ಕಾಗಿ ಕಾಯುವುದಿಲ್ಲ. ಕಾರ್ಟ್ರಿಜ್ ಬಳಸುವವರು ಒಂದಕ್ಕೆ ಏಳೆಂಟು ಶೇವ್ ಲೆಕ್ಕ ಇಟ್ಟು, ಮೇಲೆ ಒಂದು ಜಾಸ್ತಿ ಇಟ್ಟುಕೊಳ್ಳಿ.

ಬ್ಲೇಡ್ ಇಷ್ಟು ಬೇಗ ಯಾಕೆ ಮೊಂಡಾಗುತ್ತದೆ ಅಂತ ಗಿರಾಕಿಗಳು ಕೇಳುತ್ತಿರುತ್ತಾರೆ. ಕೂದಲು ಉಕ್ಕಿಗಿಂತ ಎಷ್ಟೋ ಮೆತ್ತಗೆ, ಆದರೂ ಉಕ್ಕು ಸೋಲುತ್ತದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ವಿಜ್ಞಾನಿಗಳು 2020ರಲ್ಲಿ ಇದನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರು. ಅಂಚು ಸುಮ್ನೆ ಸವೆಯುವುದಷ್ಟೇ ಅಲ್ಲ, ಕೂದಲು ಓರೆಯಾಗಿ ಬಗ್ಗಿ ತಗುಲಿದ ಕಡೆ ಸಣ್ಣ ಸಣ್ಣ ಚೂರು ಹಾರುತ್ತದೆ ಅಂತ ಕಂಡುಕೊಂಡರು. ಕೂದಲು ಚೆನ್ನಾಗಿ ನೆನೆದರೆ ಮೆತ್ತಗಾಗುತ್ತದೆ, ಕತ್ತರಿಸಲು ಹೆಚ್ಚು ಬಲ ಬೇಕಾಗುವುದಿಲ್ಲ. ಅದಕ್ಕೇ ನಾವು ಬಿಸಿನೀರಿನ ಟವೆಲ್ ಒತ್ತಿ, ಬ್ರಷ್ಷಿನಲ್ಲಿ ಎರಡು ಮೂರು ನಿಮಿಷ ತಿಕ್ಕುವುದು. ಹಡಗಿನಲ್ಲಿ ಸ್ನಾನ ಮಾಡಿದ ಮೇಲೆ ಶೇವ್ ಮಾಡಿಕೊಳ್ಳಿ. ಆಮೇಲೆ ರೇಜರನ್ನು ಬಚ್ಚಲಲ್ಲೇ ಬಿಡಬೇಡಿ. ಕ್ಯಾಬಿನ್ನಿನ ಬಚ್ಚಲು ಚಿಕ್ಕದು, ಕಿಟಕಿ ಇಲ್ಲ, ಹಬೆ ಅಲ್ಲೇ ನಿಲ್ಲುತ್ತದೆ. ನೀರು ಝಾಡಿಸಿ ಹೊರಗೆ ಒಣಗಲು ಇಡಿ. ಟವೆಲಿನಿಂದ ಬ್ಲೇಡಿನ ಬಾಯಿ ಒರೆಸಬೇಡಿ.

ಸೋಪು, ಕ್ರೀಮಿನ ಲೆಕ್ಕ ಬೇರೆ. ಇದು ಬಳ್ಳಾರಿಯವರಿಗೆ ಮುಖ್ಯ. ಅಲ್ಲೀಪುರ ಕೆರೆಯ ನೀರು ನಲ್ಲಿಯಲ್ಲಿ ಬಂದ ದಿನ ನೊರೆ ಚೆನ್ನಾಗಿ ಏಳುತ್ತದೆ. ಬಾರದ ದಿನ ಬೋರಿನ ಸವಳು ನೀರೇ ಗತಿ. ಬ್ರಷ್ಷು ಎಷ್ಟು ತಿರುಗಿಸಿದರೂ ನೊರೆ ನಿಲ್ಲುವುದಿಲ್ಲ. ಬಟ್ಟಲಿನ ಅಂಚಿಗೆ ಬಿಳಿ ಗಸಿ ಕಟ್ಟುತ್ತದೆ. ನೀರಿನ ಸುಣ್ಣದಂಶ ಸೋಪಿನ ಜೊತೆ ಸೇರಿ ಆಗುವ ಗಸಿ ಅದು. ಸೋಪಿನ ಅರ್ಧ ಪಾಲು ಅಲ್ಲೇ ಹಾಳು. ಅದಕ್ಕೆ ನಮ್ಮವರಿಗೆ ಕ್ರೀಮು ಉದ್ದಕ್ಕೆ ಹಿಂಡಿ ರೂಢಿ. ಹಡಗಿನಲ್ಲಿ ಸಮುದ್ರದ ನೀರನ್ನೇ ಉಪ್ಪು ತೆಗೆದು ಬಳಸುತ್ತಾರೆ. ಕಾಯಿಸಿ ಹಬೆ ಹಿಡಿಯುತ್ತಾರೆ, ಇಲ್ಲವೇ ಆರ್‌ಓ ಯಂತ್ರದಲ್ಲಿ ಸೋಸುತ್ತಾರೆ. ಆ ನೀರಿನಲ್ಲಿ ಸುಣ್ಣದಂಶ ತೀರಾ ಕಡಿಮೆ. ಕಡಲೆಕಾಳಿನಷ್ಟು ಕ್ರೀಮು ಹಾಕಿದರೂ ಮುಖ ತುಂಬಾ ನೊರೆ. ಇಲ್ಲಿಗೆ ಸಾಲದ ಟ್ಯೂಬು ಅಲ್ಲಿ ಉಳಿಯುತ್ತದೆ ಅಂತ ನನ್ನ ತಮ್ಮ ಮೊದಲ ಸಲ ಬಂದಾಗಲೇ ಹೇಳಿದ. ಎಪ್ಪತ್ತು ಗ್ರಾಂ ಟ್ಯೂಬು ಒಂದಿದ್ದರೆ ತಿಂಗಳಿಗೆ ಧಾರಾಳ. ಎರಡು ಮೂರು ಕಟ್ಟಿಕೊಂಡು ಹೋಗಬೇಡಿ.

ಕೈಚೀಲದ ವಿಷಯಕ್ಕೆ ಬರುತ್ತೇನೆ. ಬಳ್ಳಾರಿಯಿಂದ ಬೆಂಗಳೂರಿಗೆ ರೈಲಿನಲ್ಲೇ ಹೋಗಿ, ಮುಂದೆ ವಿಮಾನ ಹಿಡಿಯುವವರು ಜಾಸ್ತಿ. ವಿಮಾನದ ಒಳಗೆ ಒಯ್ಯುವ ಚೀಲದಲ್ಲಿ ಬಿಡಿ ಬ್ಲೇಡ್ ಇಡುವಂತಿಲ್ಲ. ಉಸ್ತ್ರಾ, ಅಂದರೆ ಕ್ಷೌರದ ಕತ್ತಿ, ಅಂತೂ ಬೇಡವೇ ಬೇಡ. ತಪಾಸಣೆಯಲ್ಲಿ ತೆಗೆದುಕೊಂಡರೆ ವಾಪಸ್ ಬರುವುದಿಲ್ಲ. ರೇಜರ್, ಬ್ಲೇಡ್ ಎರಡನ್ನೂ ಲಗೇಜಿಗೆ ಹಾಕುವ ದೊಡ್ಡ ಪೆಟ್ಟಿಗೆಯಲ್ಲಿಡಿ. ಅಂತರರಾಷ್ಟ್ರೀಯ ವಿಮಾನದಲ್ಲಿ ಕ್ರೀಮು, ಜೆಲ್, ಫೋಮ್ ಎಲ್ಲವೂ ದ್ರವದ ಲೆಕ್ಕಕ್ಕೇ ಬರುತ್ತವೆ. ಕೈಚೀಲದಲ್ಲಿ ಒಂದೊಂದೂ ನೂರು ಮಿಲಿಲೀಟರ್ ಮೀರಬಾರದು. ಅರ್ಧ ಖಾಲಿಯಾದ ದೊಡ್ಡ ಡಬ್ಬಿಯನ್ನೂ ಬಿಡುವುದಿಲ್ಲ, ಡಬ್ಬಿಯ ಮೇಲಿನ ಅಳತೆ ನೋಡುತ್ತಾರೆ. ಗಟ್ಟಿ ಶೇವಿಂಗ್ ಸೋಪಿಗೆ ಈ ತಕರಾರಿಲ್ಲ. ನನ್ನನ್ನು ಕೇಳಿದರೆ ದುಂಡನೆಯ ಗಟ್ಟಿ ಸೋಪೇ ವಾಸಿ. ಸೋರುವುದಿಲ್ಲ, ಒಡೆಯುವುದಿಲ್ಲ. ಹಡಗಿನ ಕಂಪನಿಯವರು ಟಿಕೆಟ್ಟಿನ ಜೊತೆ ತಮ್ಮದೇ ನಿಷೇಧದ ಪಟ್ಟಿ ಕೊಡುತ್ತಾರೆ. ಅದನ್ನೂ ಮಕ್ಕಳಿಂದ ಓದಿಸಿಕೊಳ್ಳಿ.

ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳುವಾಗುವ ಮಾತ್ರೆ ನುಂಗುವವರಿಗೆ ಒಂದು ಮಾತು. ಸಣ್ಣ ಗಾಯವಾದರೂ ನಿಮಗೆ ರಕ್ತ ಬೇಗ ನಿಲ್ಲುವುದಿಲ್ಲ. ಸಮುದ್ರ ಜೋರಿದ್ದ ದಿನ ಹಡಗು ಹೊಯ್ದಾಡುತ್ತದೆ. ಅಂದು ಬ್ಲೇಡ್ ಹಿಡಿಯಬೇಡಿ, ಗಡ್ಡ ಎಲ್ಲೂ ಓಡಿಹೋಗುವುದಿಲ್ಲ. ನಿಮ್ಮಂಥವರಿಗೆ ಟ್ರಿಮ್ಮರೇ ಸರಿ. ಚಾರ್ಜರಿನ ಮೇಲೆ 100-240 ಅಂತ ಇದೆಯೋ ನೋಡಿಕೊಳ್ಳಿ. ಎಷ್ಟೋ ಹಡಗುಗಳಲ್ಲಿ 110 ವೋಲ್ಟಿನ ಅಮೆರಿಕದ ಪ್ಲಗ್ಗೂ, 220ರ ಯುರೋಪಿನ ಪ್ಲಗ್ಗೂ ಇರುತ್ತವೆ. ನಮ್ಮ ದಪ್ಪ ಮೂರು ಕಡ್ಡಿಯ ಪಿನ್ ಅವುಗಳಲ್ಲಿ ಕೂರುವುದಿಲ್ಲ. ಎಲ್ಲರೂ ಒಂದು ತುಂಡು ಪಟಕ ಇಟ್ಟುಕೊಳ್ಳಿ. ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತದೆ. ಒದ್ದೆ ಮಾಡಿ ಗಾಯಕ್ಕೆ ಒತ್ತಿ ಹಿಡಿದರೆ ಸಣ್ಣಪುಟ್ಟ ರಕ್ತ ನಿಲ್ಲುತ್ತದೆ.

ಇನ್ನು ಕೆಲವರಿಗೆ ಬ್ಲೇಡ್ ಕಟ್ಟಿಕೊಟ್ಟರೂ ಪ್ರಯೋಜನವಿಲ್ಲ. ಯಾಕೆಂದರೆ ಅವರು ಜೀವಮಾನದಲ್ಲಿ ತಾವೇ ಗಡ್ಡ ತೆಗೆದುಕೊಂಡವರಲ್ಲ. ನಮ್ಮ ಊರಿನಲ್ಲಿ ಇಂಥ ಹಿರಿಯರು ಬಹಳ ಜನ. ಒಬ್ಬ ನಿವೃತ್ತ ಮೇಷ್ಟ್ರು ಅಪ್ಪನ ಕಾಲದಿಂದ ನಮ್ಮ ಗಿರಾಕಿ. ಹೊರಡುವ ಹಿಂದಿನ ವಾರ ಬಂದು ಕುರ್ಚಿಯಲ್ಲಿ ಕೂತರು. "ತಮ್ಮಾ, ತಿಂಗಳು ಸಮುದ್ರದ ಮೇಲೆ ಇರ್ತೀನಿ. ಗಡ್ಡಕ್ಕೆ ಏನು ಮಾಡ್ಲಿ? ಹಡಗಿನ ಸಲೂನಿನಲ್ಲಿ ಕೇಳೋ ರೇಟು ಕೇಳಿ ಮಗಳಿಗೆ ಹೇಳೋಕೆ ನಾಚಿಕೆ ಆಗುತ್ತೆ" ಅಂದರು. ನಾನು ಅವರನ್ನು ಎಬ್ಬಿಸಿ ಕನ್ನಡಿ ಮುಂದೆ ನಿಲ್ಲಿಸಿದೆ. "ಮೇಷ್ಟ್ರೇ, ಇವತ್ತು ನೀವೇ ಮಾಡ್ಕೋಬೇಕು, ನಾನು ಪಕ್ಕದಲ್ಲೇ ಇರ್ತೀನಿ" ಅಂದೆ.

ಮೊದಲು ಅವರ ಬೆರಳನ್ನು ಅವರ ಕೆನ್ನೆಯ ಮೇಲೆಯೇ ಆಡಿಸಿದೆ. ಯಾವ ಕಡೆ ಸವರಿದರೆ ನುಣುಪು, ಯಾವ ಕಡೆ ಸವರಿದರೆ ಚುಚ್ಚುತ್ತದೆ ಅಂತ ಅವರಿಗೇ ಗೊತ್ತಾಗಲಿ ಅಂತ. ಕೆನ್ನೆಯ ಮೇಲೆ ಕೂದಲು ಕೆಳಮುಖ. ಗಂಟಲ ಹತ್ತಿರ ಒಂದು ಕಡೆ ಅಡ್ಡಕ್ಕೆ ಬೆಳೆದಿತ್ತು. ಇಷ್ಟು ವರ್ಷ ಅದು ಗೊತ್ತಿದ್ದದ್ದು ನಮ್ಮ ಅಪ್ಪನಿಗೂ ನನಗೂ ಮಾತ್ರ! ಆಮೇಲೆ ರೇಜರ್ ಕೈಗೆ ಕೊಟ್ಟೆ. ಎಲ್ಲರ ಹಾಗೆ ಅವರೂ ಒತ್ತಿದರು. ರೇಜರಿನ ತೂಕವೇ ಸಾಕು, ಕೈ ಭಾರ ಹಾಕಬೇಡಿ ಅಂದೆ. ಎಡಗೈಯಿಂದ ಕಿವಿಯ ಹತ್ತಿರ ಚರ್ಮ ಎಳೆದು ಹಿಡಿಯುವುದು, ಒಂದು ಅಂಗುಲ ಎಳೆದು ತೊಳೆಯುವುದು, ಮತ್ತೆ ಒಂದು ಅಂಗುಲ. ಮೀಸೆಯ ಕೆಳಗೆ ಬಂದಾಗ ಮೇಲಿನ ತುಟಿ ಒಳಗೆ ಎಳೆದುಕೊಳ್ಳುವುದು. ಉಲ್ಟಾ ಹೊಡೆಯುವುದು ಬೇಡವೇ ಬೇಡ ಅಂದೆ. ನುಣುಪು ಸ್ವಲ್ಪ ಕಡಿಮೆಯಾದರೂ ಪರವಾಗಿಲ್ಲ, ಊರಿಗೆ ಬಂದ ಮೇಲೆ ನಾನಿದ್ದೇನೆ. ಗದ್ದದ ಹತ್ತಿರ ಒಂದು ಚುಕ್ಕೆ ರಕ್ತ ಬಂತು, ಪಟಕ ಒತ್ತಿಸಿದೆ. ಮುಗಿಸಿ ಮುಖ ತೊಳೆದುಕೊಂಡು, ಕನ್ನಡಿಗೆ ಹತ್ತಿರ ಬಗ್ಗಿ ಎರಡೂ ಕೆನ್ನೆ ನೋಡಿಕೊಂಡರು. ಹೊರಡುವ ಮುಂಚೆ ಇನ್ನೆರಡು ಸಲ ಬಂದು ಅದನ್ನೇ ಅಭ್ಯಾಸ ಮಾಡಿದರು. ಹಡಗಿನಲ್ಲಿ ಮೊದಲ ಸಲ ಬ್ಲೇಡ್ ಹಿಡಿಯುವ ಬದಲು ಊರಿನಲ್ಲೇ ಕಲಿಯಿರಿ. ಯಾವ ಕ್ಷೌರದ ಅಂಗಡಿಯವನೂ ಇಲ್ಲ ಅನ್ನುವುದಿಲ್ಲ.

ಈ ಪತ್ರ ಬರೆಯಲು ಕೂತಿದ್ದಕ್ಕೆ ಮುಖ್ಯ ಕಾರಣ ಮಾತ್ರ ಇನ್ನೊಂದಿದೆ. ಬಳಸಿದ ಬ್ಲೇಡನ್ನು ಏನು ಮಾಡುತ್ತೀರಿ?

ನನ್ನ ತಮ್ಮ ಒಮ್ಮೆ ಕ್ಯಾಬಿನ್ನಿನ ಕಸದ ಬುಟ್ಟಿಯ ಚೀಲ ಎತ್ತಿ ಗಂಟು ಕಟ್ಟುವಾಗ ಒಳಗಿದ್ದ ಬ್ಲೇಡ್ ಪ್ಲಾಸ್ಟಿಕ್ ಸೀಳಿಕೊಂಡು ಹೆಬ್ಬೆರಳಿನ ಬುಡಕ್ಕೆ ಇಳಿಯಿತು. ಕೈಗವಸು ಇತ್ತು. ತೆಳು ರಬ್ಬರಿನದು, ಬ್ಲೇಡಿಗೆ ಅದೊಂದು ಲೆಕ್ಕವೇ ಅಲ್ಲ. ಹೊಲಿಗೆ ಬಿತ್ತು. ಗಾಯಕ್ಕಿಂತ ಹೆಚ್ಚು ಕಾಡಿದ್ದು ಭಯ. ಯಾರು ಬಳಸಿದ ಬ್ಲೇಡೋ, ಅವರ ರಕ್ತದಲ್ಲಿ ಏನಿತ್ತೋ ಗೊತ್ತಿಲ್ಲ. ಪರೀಕ್ಷೆ ಮಾಡಿಸಿ, ತಿಂಗಳುಗಟ್ಟಲೆ ಕಾದು, ಮತ್ತೆ ಪರೀಕ್ಷೆ ಮಾಡಿಸಬೇಕಾಯಿತು. ಏನೂ ಇರಲಿಲ್ಲ. ಆದರೆ ಅಷ್ಟು ದಿನ ಅವನು ನಿದ್ದೆ ಇಲ್ಲದೆ ಕೆಲಸ ಮಾಡಿದ. ಮನೆಗೆ ಫೋನ್ ಮಾಡಿದರೂ ಅಮ್ಮನಿಗೆ ಹೇಳಲಿಲ್ಲ, ನನಗೆ ಒಬ್ಬನಿಗೇ ಹೇಳಿದ.

ಕ್ಯಾಬಿನ್ನಿನ ಬುಟ್ಟಿಯಿಂದ ಕಸ ಎಲ್ಲಿಗೆ ಹೋಗುತ್ತದೆ ಅಂತ ಪ್ರವಾಸಿಗರಿಗೆ ಕಾಣುವುದಿಲ್ಲ. ಹಡಗಿನವರು ಪ್ಲಾಸ್ಟಿಕ್ಕನ್ನು ಸಮುದ್ರಕ್ಕೆ ಎಸೆಯುವಂತಿಲ್ಲ. ಇದನ್ನು ತಡೆಯುವ, ಮಾರ್ಪೋಲ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಐದನೇ ಅನುಬಂಧ 1988ರ ಡಿಸೆಂಬರ್ 31ರಿಂದ ಜಾರಿಯಲ್ಲಿದೆ. ಒಳ್ಳೆಯ ನಿಯಮ. ಆದರೆ ಅದಕ್ಕಾಗಿ ಕಸವನ್ನು ಬೇರೆ ಬೇರೆ ಮಾಡಬೇಕು. ಗಾಜು, ತಗಡು, ಪ್ಲಾಸ್ಟಿಕ್, ಸುಡುವ ಕಾಗದ. ಹಡಗಿನ ತಳದ ಕೋಣೆಯಲ್ಲಿ ಮೇಜಿನ ಮೇಲೆ ಸುರಿದು ಮನುಷ್ಯರೇ ಕೈಯಿಂದ ಆರಿಸುತ್ತಾರೆ. ಟಿಶ್ಯೂ ಕಾಗದದಲ್ಲಿ ಸುತ್ತಿ ಎಸೆದ ಬ್ಲೇಡ್ ಅಲ್ಲಿ ಇನ್ನಷ್ಟು ಅಪಾಯ. ಸುತ್ತಿದ್ದರಿಂದ ಕಣ್ಣಿಗೆ ಬೀಳುವುದೇ ಇಲ್ಲ. ಆ ಕೈಗಳು ನಮ್ಮಂಥ ಮನೆಗಳ ಹುಡುಗರ ಕೈಗಳು.

ನಮ್ಮ ಅಂಗಡಿಗಳಲ್ಲಿ ಗಿರಾಕಿಗೊಂದು ಹೊಸ ಬ್ಲೇಡ್ ಎಂಬ ಪದ್ಧತಿ ಬಂದು ಎಷ್ಟೋ ವರ್ಷವಾಯಿತು. ಎಚ್‌ಐವಿ ಬಗ್ಗೆ ತಿಳಿವಳಿಕೆ ಬಂದ ಮೇಲೆ ಗಿರಾಕಿಗಳೇ ಕೇಳಿ ಹಾಕಿಸಿಕೊಳ್ಳತೊಡಗಿದರು. ಬ್ಲೇಡನ್ನು ಕಾಗದದೊಳಗೇ ನಡುವಿಗೆ ಮುರಿದು ಅರ್ಧ ಉಸ್ತ್ರಾಕ್ಕೆ ಹಾಕುತ್ತೇವೆ. ಕೆಲಸ ಮುಗಿದ ತಕ್ಷಣ ಆ ಅರ್ಧ ಡಬ್ಬಿಗೆ. ನನ್ನ ಡಬ್ಬಿ ಹಳೆಯ ಪೌಡರ್ ಡಬ್ಬ. ಮೇಲೆ ಸೀಳು ಮಾಡಿ, ಮುಚ್ಚಳಕ್ಕೆ ಟೇಪ್ ಸುತ್ತಿದ್ದೇನೆ. ಒಳಗೆ ಹೋದದ್ದು ಹೊರಗೆ ಬರುವುದಿಲ್ಲ.

ಪ್ರವಾಸಕ್ಕೆ ಅಷ್ಟು ದೊಡ್ಡದು ಬೇಡ. ತಿರುಪಿನ ಮುಚ್ಚಳದ ಗಟ್ಟಿ ಮಾತ್ರೆ ಡಬ್ಬಿ ಒಂದಿದ್ದರೆ ಸಾಕು. ಬ್ಲೇಡಿನ ಅಗಲ ಎರಡು ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ, ಬಾಯಿ ಅಗಲ ಇರುವುದನ್ನು ಆರಿಸಿ. ಮುಚ್ಚಳದ ಮೇಲೆ ಇಂಗ್ಲಿಷಿನಲ್ಲೂ ದೊಡ್ಡದಾಗಿ ಬ್ಲೇಡ್ ಅಂತ ಬರೆದು ಅಂಟಿಸಿ. ಹಳೆಯ ಬ್ಲೇಡ್, ಕಾರ್ಟ್ರಿಜ್ ಎಲ್ಲಾ ಅದಕ್ಕೇ ಹಾಕಿ, ಹಾಗೇ ಮುಚ್ಚಿ ದೊಡ್ಡ ಪೆಟ್ಟಿಗೆಯಲ್ಲಿಟ್ಟು ಊರಿಗೆ ತನ್ನಿ. ಅದೂ ಬೇಡ ಅಂದರೆ ಇನ್ಸುಲಿನ್ ಸೂಜಿ ಹಾಕಲು ಹಡಗಿನಲ್ಲಿ ಗಟ್ಟಿ ಡಬ್ಬಿ ಕೊಡುತ್ತಾರೆ. ಕ್ಯಾಬಿನ್ ನೋಡಿಕೊಳ್ಳುವವನನ್ನು ಮೊದಲ ದಿನವೇ ಕೇಳಿ. ಕೇಳಿದರೆ ಅವನು ಬೇಸರ ಮಾಡಿಕೊಳ್ಳುವುದಿಲ್ಲ. ಇಷ್ಟು ಯೋಚನೆ ಮಾಡುವವರು ಸಿಕ್ಕರಲ್ಲ ಅಂತ ಸಂತೋಷ ಪಡುತ್ತಾನೆ. ಇದನ್ನು ನನ್ನ ತಮ್ಮನೇ ಹೇಳಿದ್ದು.

ನಿಮ್ಮಲ್ಲಿ ಒಂದು ಕೋರಿಕೆ. ಮುಂದಿನ ಸಲ ಪ್ರವಾಸದ ಸಾಮಾನಿನ ಪಟ್ಟಿ ಹಾಕುವಾಗ ಬ್ಲೇಡಿನ ಜೊತೆಗೆ ಹಳೆ ಬ್ಲೇಡಿನ ಡಬ್ಬಿ ಅಂತಲೂ ಸೇರಿಸಿ. ಬಳ್ಳಾರಿ, ಹೊಸಪೇಟೆ, ಕೊಪ್ಪಳದಲ್ಲಿ ಟೂರ್ ಬುಕ್ ಮಾಡಿಕೊಡುವವರೂ ತಾವು ಕೊಡುವ ಚೀಟಿಯಲ್ಲಿ ಈ ಒಂದು ಸಾಲು ಅಚ್ಚು ಹಾಕಿಸಲಿ. ಡಬ್ಬಿ ಹೇಗಿರಬೇಕು ಅಂತ ನೋಡಬೇಕಾದವರು, ಗಡ್ಡ ತೆಗೆಯುವುದು ಕಲಿಯಬೇಕಾದ ಹಿರಿಯರು, ಕೌಲ್ ಬಜಾರಿನ ನಮ್ಮ ಅಂಗಡಿಗೆ ಬರಬಹುದು. ಕಲಿಸಲು ದುಡ್ಡು ತಗೊಳ್ಳುವುದಿಲ್ಲ. ಮಂಗಳವಾರ ಬಿಟ್ಟು ಯಾವ ದಿನವಾದರೂ ಬನ್ನಿ. ಮಧ್ಯಾಹ್ನ ಎರಡರಿಂದ ನಾಲ್ಕರ ಒಳಗೆ ಬಂದರೆ ಬಿಸಿಲಿಗೆ ಗಿರಾಕಿ ಕಡಿಮೆ ಇರುತ್ತಾರೆ, ನಿಧಾನವಾಗಿ ಹೇಳಿಕೊಡಲು ಸಮಯ ಸಿಗುತ್ತದೆ.

ಇಂತಿ,
ಕ್ಷೌರದಂಗಡಿಯ ಒಬ್ಬ ಓದುಗ
ಕೌಲ್ ಬಜಾರ್, ಬಳ್ಳಾರಿ